ಕೋಶದ ಆಯುಷ್ಯವೂ ತಾಯಂದಿರ ಲೆಕ್ಕವೂ

ಸ್ವದೇಶವನ್ನು ತೊರೆದು ಬಂದ ಟಿಬೆಟಿಯನ್ನರಿಗಾಗಿ 1972ರಲ್ಲಿ ಹುಣಸೂರಿನ ಸಮೀಪದ ಗುರುಪುರದಲ್ಲಿ ಏರ್ಪಟ್ಟ ರಬ್ಗ್ಯೇಲಿಂಗ್ ವಸತಿಗೆ ಹೋಗಿ, ಒಂದೇ ಕಂಠದಿಂದ ಏಕಕಾಲಕ್ಕೆ ಹಲವು ಸ್ವರಗಳನ್ನು ಹೊಮ್ಮಿಸುವ ಗ್ಯುಡ್‌ಮೆಡ್ ತಾಂತ್ರಿಕ ಮಠದ ಭಿಕ್ಷುಗಳ ಮಂತ್ರಘೋಷವನ್ನು ಕೇಳಿ ಬಂದ ನಗರವಾಸಿಗಳು, ಧ್ಯಾನದಿಂದ ಜೀವಕೋಶಗಳೇ ಎಳೆಯವಾಗುವುವಂತೆ ಎಂದು ಆಡಿಕೊಳ್ಳುವುದುಂಟು. ಈ ಮಾತಿನ ಮೂಲವನ್ನರಸಿ ಸಂಶೋಧನೆಗಳತ್ತ ಹೊರಟ ನನಗೆ ಅಲ್ಲಿ ಎದುರಾದವರು ಭಿಕ್ಷುಗಳಲ್ಲ, ತಾಯಂದಿರು.

ಕೋಶದ ಮುಪ್ಪಿನ ಒಂದು ಗುರುತಾದ, ವರ್ಣತಂತುವಿನ ತುದಿಯನ್ನು ಕಾಯುವ ಟೆಲೋಮಿಯರ್, ಒಗೆತ ಒಗೆತಕ್ಕೂ ಸವೆಯುವ ಸೆರಗಿನಂಚಿನಂತೆ, ಕೋಶ ವಿಭಜನೆಗೊಂಡಂತೆಲ್ಲ ಮೊಟಕಾಗುತ್ತದೆ. ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅದರ ರಚನೆಯನ್ನು ಕೊಳದ ಏಕಕೋಶಜೀವಿಯೊಂದರಲ್ಲಿ ಗುರುತಿಸಿದ್ದು, ಅವರ ಶಿಷ್ಯೆ ಕ್ಯಾರಲ್ ಗ್ರೈಡರ್ 1984ರ ಕ್ರಿಸ್‌ಮಸ್ ದಿನ ಅದನ್ನು ಬೆಳೆಸುವ ಟೆಲೊಮರೇಸ್ ಕಿಣ್ವದ ಸುಳಿವನ್ನು ಕಂಡದ್ದು, 2009ರಲ್ಲಿ ನೊಬೆಲ್ ಬಂದದ್ದು ಎಲ್ಲವೂ ಪ್ರಸಿದ್ಧವೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಒಂದು ಪ್ರಸಂಗ. ದೀರ್ಘಕಾಲದ ಕಾಯಿಲೆಯಿಂದ ನರಳುವ ಮಕ್ಕಳ ತಾಯಂದಿರನ್ನು ಅಭ್ಯಸಿಸುತ್ತಿದ್ದ ಎಲಿಸಾ ಎಪೆಲ್ ಎಂಬ ತರುಣ ಮನೋವಿಜ್ಞಾನಿ, ಅಣುಜೀವಶಾಸ್ತ್ರದಲ್ಲಿಯೇ ಮುಳುಗಿದ್ದ ಬ್ಲ್ಯಾಕ್‌ಬರ್ನ್ ಅವರ ಬಳಿಗೆ ಬಂದು, ಇವರ ದಣಿವು ಕೋಶದವರೆಗೂ ಇಳಿದೀತೇ ಎಂಬ ಪ್ರಶ್ನೆಯನ್ನಿರಿಸಿದರು. ಸ್ವತಃ ತಾಯಿಯಾಗಿದ್ದ ಬ್ಲ್ಯಾಕ್‌ಬರ್ನ್ ಒಪ್ಪಿದರು. ಪರೀಕ್ಷೆಗೊಳಗಾದವರು 58 ಮಂದಿ. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಶುಶ್ರೂಷೆಯ ವರ್ಷಗಳು ಹೆಚ್ಚಿದಷ್ಟೂ ಟೆಲೋಮಿಯರ್ ಗಿಡ್ಡವಾಗಿತ್ತು. ತೀವ್ರ ಬವಣೆಯನ್ನು ಅನುಭವಿಸುತ್ತಿದ್ದವರ ಕೋಶಗಳು ಹತ್ತು ವರ್ಷಗಳಷ್ಟಾದರೂ ಹೆಚ್ಚು ಮುಪ್ಪಾದಂತೆ ಕಂಡವು.

ಪ್ರಶ್ನೆ ಅಲ್ಲಿಂದ ಖಿನ್ನತೆಗೆ ಹರಿಯಿತು. 2014ರಲ್ಲಿ 2,407 ಜನರನ್ನು ಪರೀಕ್ಷಿಸಿದ ಡಚ್ ಸಂಶೋಧಕರು, ಖಿನ್ನರಲ್ಲಿ ಮಾತ್ರವಲ್ಲ, ಖಿನ್ನತೆಯಿಂದ ಗುಣವಾದವರಲ್ಲಿಯೂ ಈ ಸವೆತವನ್ನು ಕಂಡರು. ಅನಂತರ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಂಬಂಧವುಂಟು, ಆದರೆ ಅಲ್ಪವೆಂದು ತಿಳಿಯಿತು. ಯಾವುದು ಕಾರಣ, ಯಾವುದು ಕಾರ್ಯವೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮನಸ್ಸಿನ ನೋವು ದೇಹಕ್ಕಿಳಿಯುವುದೆಂಬ ಎಣಿಕೆ ಗುರುಪುರದವರಿಗೇನೂ ಹೊಸತಲ್ಲ: ಶೋಕದಿಂದ ಹೃದಯದ ಪ್ರಾಣವಾಯು ಕದಡಿ ನಿದ್ರಾನಾಶವೂ ವಿಷಾದವೂ ಉಂಟಾಗುವುವೆನ್ನುವುದು ಟಿಬೆಟಿಯನ್ ವೈದ್ಯದ ಹಳೆಯ ಮತ. ದೇಶ ತೊರೆದ ಶೋಕವನ್ನು ಹೊತ್ತೇ ಅಲ್ಲಿ ಮೆಕ್ಕೆಜೋಳ ಬೆಳೆದು, ಚಳಿಗಾಲದಲ್ಲಿ ದೂರದ ಊರುಗಳಿಗೆ ಸ್ವೆಟರ್ ಮಾರಲು ಹೋಗಿ ಸಂಸಾರ ನಡೆಸಿದ ವಲಸೆಯ ಮೊದಲ ತಲೆಮಾರು ಈಗ ಕರಗುತ್ತಿದೆ. ಮಠಕ್ಕೆ ಧಾವಿಸುವ ಪ್ರವಾಸಿಗಳಾದರೋ ಆ ತಲೆಮಾರಿನ ಅಜ್ಜಿಯರನ್ನು ಮಾತನಾಡಿಸುವುದೂ ಇಲ್ಲ.

ಎಳೆಯ ಕೋಶಗಳ ಆ ಸುದ್ದಿಗೆ ಆಧಾರವಾದುದು 2011ರ ಪ್ರಬಂಧ: ಅಮೆರಿಕದ ಕೊಲೊರಾಡೊದಲ್ಲಿ ಮೂರು ತಿಂಗಳು ಧ್ಯಾನಕ್ಕೆ ಕುಳಿತ 30 ಮಂದಿಯಲ್ಲಿ, ಕುಳಿತಿರದ ಇತರರಿಗಿಂತ ಟೆಲೊಮರೇಸ್ ಹೆಚ್ಚಿತ್ತು. ಅಳತೆ ನಡೆದದ್ದು ಕೊನೆಯಲ್ಲಿ ಮಾತ್ರ, ಆರಂಭದಲ್ಲಲ್ಲ. ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ಧ್ಯಾನವನ್ನು ನಾನು ಹಳಿಯುವವನಲ್ಲ. ಆದರೆ ಕಾಯಿಲೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡು ಈ ವಿಚಾರಕ್ಕೆಲ್ಲ ನಾಂದಿ ಹಾಡಿದ ಆ ತಾಯಂದಿರಿಗೆ ಮೂರು ತಿಂಗಳ ರಜೆ ಕೊಡುವವರಾರು?