ಭದ್ರಾವತಿಯ ಕುಲುಮೆ ಮತ್ತೆ ಉರಿಯಬೇಕಾದರೆ

ಭದ್ರಾ ನದಿಯ ದಡದ ಭದ್ರಾವತಿಗೆ ಹಿಂದೆ ಬೆಂಕೀಪುರ ಎಂಬ ಹೆಸರಿತ್ತು. ಊರು ಬೆಳೆದದ್ದೂ ಕುಲುಮೆಯ ಬೆಂಕಿಯಿಂದಲೇ. 1923ರ ಜನವರಿಯಲ್ಲಿ ಇಲ್ಲಿನ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಕೆಲಸ ಆರಂಭಿಸಿತು. ಸರಿಯಾಗಿ ನೂರು ವರ್ಷಗಳ ಅನಂತರ, 2023ರ ಜನವರಿಯಲ್ಲಿ, ಅದೇ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಊರಿನ ಇನ್ನೊಂದು ಆಸರೆಯಾಗಿದ್ದ, 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆ 2015ರ ಸುಮಾರಿಗೇ ಉತ್ಪಾದನೆ ನಿಲ್ಲಿಸಿತ್ತು. ನ್ಯೂಟೌನ್, ಪೇಪರ್‌ಟೌನ್ ಎಂಬ ಬಡಾವಣೆಗಳ ಹೆಸರುಗಳು ಉಳಿದಿವೆ. ಅವುಗಳಿಗೆ ಅನ್ನ ಕೊಟ್ಟ ಕೆಲಸ ಉಳಿದಿಲ್ಲ.

ಇಂಥ ಊರು ಚೇತರಿಸಿಕೊಳ್ಳಬಲ್ಲದೆ? ಹಣ ಬೇಕು, ಸರ್ಕಾರದ ನಿರ್ಧಾರ ಬೇಕು ಎನ್ನುವುದು ಸರಿಯೆ. ಆದರೆ ಅದಕ್ಕೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ರಸಾಯನವಿಜ್ಞಾನಕ್ಕೆ ಸೇರಿದ್ದು. ಕಬ್ಬಿಣದ ಅದುರಿನಲ್ಲಿ ಕಬ್ಬಿಣ ಆಕ್ಸಿಜನ್ನಿನೊಡನೆ ಬಿಗಿಯಾಗಿ ಸೇರಿಕೊಂಡಿರುತ್ತದೆ. ಆ ಆಕ್ಸಿಜನ್ನನ್ನು ಕಿತ್ತು ತೆಗೆಯುವ ಕ್ರಿಯೆಯೇ ಅಪಕರ್ಷಣ. ಅದಕ್ಕೆ ಏನನ್ನು ಬಳಸುತ್ತೇವೆ, ಅದು ಎಲ್ಲಿಂದ ಬರುತ್ತದೆ? ಭದ್ರಾವತಿಯ ಏಳುಬೀಳುಗಳೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆದಿವೆ.

ಇದ್ದಿಲಿನ ಕಾಲ

ಕಾರ್ಖಾನೆಗೆ ಭದ್ರಾವತಿಯನ್ನೇ ಏಕೆ ಆರಿಸಿದರು? ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ ಒಳ್ಳೆಯ ಅದುರಿತ್ತು. ಅದನ್ನು ರೋಪ್‌ವೇಯಲ್ಲಿ ಕೆಳಗಿಳಿಸಬಹುದಿತ್ತು. ನೀರಿಗೆ ಭದ್ರಾ ನದಿ ಇತ್ತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಾಡು ಮಾತ್ರ ಧಾರಾಳವಾಗಿತ್ತು. ಮರವನ್ನು ಗಾಳಿಯ ಸಂಪರ್ಕವಿಲ್ಲದೆ ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಬರುವ ಆವಿಯನ್ನು ತಣಿಸಿದರೆ ಮೆಥನಾಲ್, ಅಸಿಟಿಕ್ ಆಮ್ಲ ಮತ್ತು ಡಾಂಬರು ದೊರೆಯುತ್ತವೆ. ಆದ್ದರಿಂದಲೇ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣದ ಜೊತೆಗೆ ಮರದ ಬಟ್ಟಿಯಿಳಿಸುವಿಕೆಯೂ ಇತ್ತು.

ಇದ್ದಿಲಿನಲ್ಲಿ ಗಂಧಕ ಬಹಳ ಕಡಿಮೆ. ಗಂಧಕ ಹೆಚ್ಚಿದ್ದರೆ ಕಾದ ಉಕ್ಕು ಬಡಿಯುವಾಗ ಬಿರುಕು ಬಿಡುತ್ತದೆ. ಹಾಗಾಗಿ ಇದ್ದಿಲಿನ ಕಬ್ಬಿಣಕ್ಕೆ ಶುದ್ಧತೆಯ ಹೆಸರು. ಆದರೆ ಇದ್ದಿಲು ಮೆತು. ಮೇಲಿನ ಭಾರಕ್ಕೆ ಪುಡಿಯಾಗುತ್ತದೆ. ಪುಡಿಯಾದರೆ ಬಿಸಿಗಾಳಿ ಮೇಲೇರಲು ದಾರಿ ಸಿಗದು. ಆದ್ದರಿಂದ ಇದ್ದಿಲಿನ ಕುಲುಮೆಯನ್ನು ಬಹಳ ಎತ್ತರವಾಗಿ ಕಟ್ಟುವಂತಿಲ್ಲ.

ಕಾರ್ಖಾನೆ ಹುಟ್ಟುತ್ತಲೇ ಕಷ್ಟಕ್ಕೆ ಸಿಕ್ಕಿತು. ಮೊದಲನೆಯ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಅದನ್ನು ನೇರ ದಾರಿಗೆ ತಂದರು. 1930ರ ದಶಕದಲ್ಲಿ ಉಕ್ಕು ಮತ್ತು ಸಿಮೆಂಟ್ ಸೇರಿಕೊಂಡವು. ಒಂದೇ ಸರಕನ್ನು ನೆಚ್ಚಿಕೊಳ್ಳದೆ ಇದ್ದುದು ಕಾರ್ಖಾನೆ ಉಳಿದುದಕ್ಕೆ ಒಂದು ಕಾರಣ ಎಂಬುದನ್ನು ಗಮನಿಸಿ.

ವಿದ್ಯುತ್ತಿನ ಕಾಲ, ಕೋಕ್‌ನ ಕಾಲ

1948ರಲ್ಲಿ ಜೋಗದ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಆರಂಭವಾಯಿತು. 1950ರ ದಶಕದಲ್ಲಿ ನಾರ್ವೆ ದೇಶದ ಮಾದರಿಯ ವಿದ್ಯುತ್ ಕುಲುಮೆಗಳು ಭದ್ರಾವತಿಗೆ ಬಂದವು. ಇವುಗಳಲ್ಲಿ ಶಾಖವನ್ನು ವಿದ್ಯುತ್ತು ಒದಗಿಸುತ್ತದೆ. ಇಂಗಾಲ ಅಪಕರ್ಷಣಕ್ಕಷ್ಟೇ ಬೇಕು. ಇಂಥ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣಕ್ಕೆ ಸುಮಾರು 2,500 ಯೂನಿಟ್ ವಿದ್ಯುತ್ತು ಬೇಕು. ವಿದ್ಯುತ್ತು ಅಗ್ಗವಾಗಿ ಸಿಗುವವರೆಗೆ ಇದು ಒಳ್ಳೆಯ ಏರ್ಪಾಡೇ. ಬೇಡಿಕೆ ಹೆಚ್ಚಿ ವಿದ್ಯುತ್ತು ದುಬಾರಿಯಾದಾಗ ಲೆಕ್ಕ ತಪ್ಪಿತು. ಆಮೇಲೆ ದೂರದಿಂದ ಬರುವ ಕೋಕ್‌ ಅನ್ನು ನಂಬಬೇಕಾಯಿತು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆಯೂ ನಿಂತಿತು.

ಇಲ್ಲಿ ಗಾತ್ರದ ನಿಯಮವೊಂದು ಕೆಲಸ ಮಾಡುತ್ತದೆ. ಕುಲುಮೆಯ ಉದ್ದ, ಅಗಲ, ಎತ್ತರಗಳನ್ನು ಎರಡು ಪಟ್ಟು ಮಾಡಿ. ಅದರ ಮೇಲ್ಮೈ 4 ಪಟ್ಟಾದರೆ ಗಾತ್ರ 8 ಪಟ್ಟಾಗುತ್ತದೆ. ಶಾಖ ಸೋರಿಹೋಗುವುದು ಮೇಲ್ಮೈಯಿಂದ. ಕಬ್ಬಿಣ ತಯಾರಾಗುವುದು ಒಳಗಿನ ಗಾತ್ರದಲ್ಲಿ. ಹಾಗಾಗಿ ದೊಡ್ಡ ಕುಲುಮೆಯಲ್ಲಿ ಪ್ರತಿ ಟನ್ನಿಗೆ ಆಗುವ ನಷ್ಟ ಕಡಿಮೆ. ಬಳ್ಳಾರಿ ಸೀಮೆಯ ತೋರಣಗಲ್ಲಿನ ಕಾರ್ಖಾನೆ ವರ್ಷಕ್ಕೆ ಕೋಟಿ ಟನ್ನಿಗೂ ಹೆಚ್ಚು ಉಕ್ಕು ತಯಾರಿಸುತ್ತದೆ. ಲಕ್ಷ ಟನ್ನುಗಳ ಲೆಕ್ಕದ ಭದ್ರಾವತಿ ಸಾಮಾನ್ಯ ಉಕ್ಕಿನ ಬೆಲೆಯಲ್ಲಿ ಅದರೊಡನೆ ಸ್ಪರ್ಧಿಸಲಾರದು.

ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಅಂಗಸಂಸ್ಥೆಯಾಯಿತು. 1998ರಲ್ಲಿ ಅದರಲ್ಲಿ ವಿಲೀನವಾಯಿತು. 2016ರಲ್ಲಿ ಖಾಸಗಿಯವರಿಗೆ ಮಾರುವ ತೀರ್ಮಾನವಾದರೂ ಆ ಪ್ರಕ್ರಿಯೆ 2022ರಲ್ಲಿ ರದ್ದಾಯಿತು. ಮುಚ್ಚುವ ಸುದ್ದಿ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. 2023ರ ಆಗಸ್ಟ್‌ನಲ್ಲಿ ಸೇಲ್‌ನ ಬೇರೆ ಕಾರ್ಖಾನೆಗಳಿಂದ ಉಕ್ಕಿನ ಗಟ್ಟಿಗಳನ್ನು ತರಿಸಿ ಸರಳು ಎಳೆಯುವ ಘಟಕವನ್ನು ಮತ್ತೆ ನಡೆಸಲಾಯಿತು. 2024ರಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿಯವರು ಇಲ್ಲಿಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು.

ಇರುವ ದಾರಿಗಳು

ಮೊದಲನೆಯದು, ಮತ್ತೆ ಇದ್ದಿಲು. ಬ್ರೆಜಿಲ್‌ನಲ್ಲಿ ನೀಲಗಿರಿ ತೋಪುಗಳ ಇದ್ದಿಲಿನಿಂದ ಇಂದಿಗೂ ಕಬ್ಬಿಣ ತಯಾರಾಗುತ್ತದೆ. ಇಲ್ಲೇಕೆ ಆಗದು? ಲೆಕ್ಕ ಹಾಕಿ. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಮರ ಬೇಕು. ಒಂದು ಟನ್ ಕಬ್ಬಿಣಕ್ಕೆ ಮುಕ್ಕಾಲು ಟನ್ ಇದ್ದಿಲು ಸಾಕೆಂದುಕೊಂಡರೂ ಲಕ್ಷ ಟನ್ ಕಬ್ಬಿಣಕ್ಕೆ ವರ್ಷಕ್ಕೆ 3 ಲಕ್ಷ ಟನ್ನಿಗೆ ಕಡಿಮೆಯಿಲ್ಲದಷ್ಟು ಮರ ಬೇಕು. ಹೆಕ್ಟೇರಿಗೆ ವರ್ಷಕ್ಕೆ 10 ಟನ್ ಒಣ ಮರ ಬೆಳೆದರೆ 30,000 ಹೆಕ್ಟೇರ್ ನೆಡುತೋಪು ಬೇಕಾಗುತ್ತದೆ. ಕಾಗದದ ಕಾರ್ಖಾನೆಗಾಗಿ ಬೆಳೆಸಿದ ಅಕೇಶಿಯಾ, ನೀಲಗಿರಿ ತೋಪುಗಳ ಬಗೆಗೇ ಮಲೆನಾಡಿನ ಜನರ ವಿರೋಧ ಎದ್ದಿರುವಾಗ ಈ ದಾರಿ ಸುಲಭವಲ್ಲ.

ಎರಡನೆಯದು, ಗುಜರಿ ಉಕ್ಕು. ಗುಜರಿಯಲ್ಲಿ ಕಬ್ಬಿಣ ಈಗಾಗಲೇ ಅಪಕರ್ಷಿತವಾಗಿದೆ, ಕರಗಿಸಿದರೆ ಸಾಕು. ಇದಕ್ಕೆ ಟನ್ನಿಗೆ 400ರಿಂದ 600 ಯೂನಿಟ್ ವಿದ್ಯುತ್ತು ಸಾಕಾಗುತ್ತದೆ. ಆದರೆ ಗುಜರಿಯೊಡನೆ ಬಂದ ತಾಮ್ರವನ್ನು ಕುಲುಮೆಯಲ್ಲಿ ಬೇರ್ಪಡಿಸಲಾಗದು. ಒಳ್ಳೆಯ ಉಕ್ಕು ಬೇಕಾದರೆ ಶುದ್ಧ ಕಬ್ಬಿಣವನ್ನೂ ಬೆರೆಸಬೇಕು.

ಮೂರನೆಯದು, ಹೈಡ್ರೊಜನ್. ಇಲ್ಲಿ ಕಾರ್ಬನ್ ಡೈಆಕ್ಸೈಡಿನ ಬದಲು ನೀರಾವಿ ಹೊರಬರುತ್ತದೆ. ಸ್ವೀಡನ್ನಿನ ಲುಲಿಯೊದಲ್ಲಿ 2021ರಲ್ಲಿ ಪ್ರಾಯೋಗಿಕ ಘಟಕದಲ್ಲಿ ಹೀಗೆ ಮೆದುಕಬ್ಬಿಣ ತಯಾರಿಸಿ ತೋರಿಸಿದರು. ಒಂದು ಟನ್ ಕಬ್ಬಿಣಕ್ಕೆ ಕನಿಷ್ಠ 54 ಕಿಲೋಗ್ರಾಂ ಹೈಡ್ರೊಜನ್ ಬೇಕು. ನೀರನ್ನು ವಿಭಜಿಸಿ ಅದನ್ನು ಪಡೆಯಲು ಸುಮಾರು 2,700 ಯೂನಿಟ್ ಬೇಕಾಗುತ್ತದೆ. ನಾರ್ವೆ ಮಾದರಿಯ ಕುಲುಮೆಯ ಲೆಕ್ಕ ನೆನಪಿದೆಯೆ? ಮತ್ತೆ ಅಷ್ಟೇ ವಿದ್ಯುತ್ತು! ಅದು ಅಗ್ಗವಾಗಿ ಸಿಗುವವರೆಗೆ ಈ ದಾರಿ ತೆರೆಯದು.

ಹಾಗಾದರೆ ಭದ್ರಾವತಿಗೆ ಒಪ್ಪುವುದು ಯಾವುದು? ಟನ್ನಿನ ಸ್ಪರ್ಧೆ ಬಿಟ್ಟು ಗುಣದ ಸ್ಪರ್ಧೆ ಎನ್ನಬಹುದು. ಮಿಶ್ರಲೋಹ ಉಕ್ಕನ್ನು ಕರಗಿಸಿ, ಬಡಿದು, ಹದ ಮಾಡುವ ಅನುಭವ ಇಲ್ಲಿ ಹಲವು ದಶಕಗಳದ್ದು. ಗುಜರಿ ಮತ್ತು ಮೆದುಕಬ್ಬಿಣದಿಂದ ವಿಶೇಷ ಉಕ್ಕು ತಯಾರಿಸುವ ವಿದ್ಯುತ್ ಕುಲುಮೆಗೆ ಬೃಹತ್ ಗಾತ್ರದ ಅಗತ್ಯವಿಲ್ಲ. ಇಪ್ಪತ್ತು ಕಿಲೋಮೀಟರಿನೊಳಗೆ ಶಿವಮೊಗ್ಗ ನಗರವಿದೆ. ಅಲ್ಲಿಯೂ ನಡುವಿನ ಮಾಚೇನಹಳ್ಳಿಯಲ್ಲಿಯೂ ಎರಕದ ಕಾರ್ಖಾನೆಗಳು, ಯಂತ್ರದ ಕೆಲಸದ ಘಟಕಗಳು ಬೆಳೆದಿವೆ. ಭದ್ರಾವತಿಯಲ್ಲಿ ಉಕ್ಕು, ಶಿವಮೊಗ್ಗದಲ್ಲಿ ಬಿಡಿಭಾಗ ಎಂಬ ಸರಪಳಿ ಕೂಡಿಬಂದರೆ ಎರಡೂ ಊರುಗಳಿಗೆ ಲಾಭ. ಆದರೆ ಇದರಲ್ಲಿ ಹಿಂದಿನಷ್ಟು ಕೆಲಸಗಳು ಸಿಗಲಾರವು ಎಂಬುದನ್ನೂ ಒಪ್ಪಬೇಕು. ಒಂದು ಕಾಲಕ್ಕೆ ಇಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಉಳಿದವರಿಗೆ ಬೇರೆ ಉದ್ಯಮಗಳನ್ನು ಸೇರಿಸಬೇಕು; ವಿಶ್ವೇಶ್ವರಯ್ಯನವರ ಕಾಲದ ಪಾಠವೂ ಅದೇ.

ಕಾಯಲಾಗದ ಸಂಗತಿಯೊಂದಿದೆ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಕರಗಿದ ಉಕ್ಕಿನ ಬಣ್ಣ ನೋಡಿ ಹದ ಹೇಳಬಲ್ಲ ಕೆಲಸಗಾರ ನಿವೃತ್ತನಾದರೆ, ಆ ತಿಳಿವಳಿಕೆಯೂ ಅವನೊಡನೆ ಹೋಗುತ್ತದೆ. ಹೊಸಬರನ್ನು ತರಬೇತು ಮಾಡಲು ಈಗಲೇ ಮೊದಲಿಡಬೇಕು.

ತರಗತಿಯಲ್ಲಿ ಮಾಡಿ

1. ಕಬ್ಬಿಣದ ಪರಮಾಣು ತೂಕ 56, ಆಕ್ಸಿಜನ್ನಿನದು 16. ಫೆರಿಕ್ ಆಕ್ಸೈಡಿನಲ್ಲಿ ಕಬ್ಬಿಣ ಶೇಕಡ ಎಷ್ಟು? (ಉತ್ತರ: 70)

2. ಕಾರ್ಬನ್ ಮಾನಾಕ್ಸೈಡಿನಿಂದ ಒಂದು ಟನ್ ಕಬ್ಬಿಣ ಪಡೆದಾಗ ಉಂಟಾಗುವ ಕಾರ್ಬನ್ ಡೈಆಕ್ಸೈಡ್ ಎಷ್ಟು? (ಉತ್ತರ: ಸುಮಾರು 1.18 ಟನ್. ಇಂಧನದ ಪಾಲು ಸೇರಿ ನಿಜವಾದ ಕಾರ್ಖಾನೆಯಲ್ಲಿ ಇದು 2 ಟನ್ನಿನ ಆಸುಪಾಸು.)

3. ನಿಮ್ಮ ಊರಿನ ನಿವೃತ್ತ ಕಾರ್ಮಿಕರೊಬ್ಬರನ್ನು ತರಗತಿಗೆ ಕರೆಯಿರಿ. ಕುಲುಮೆಯ ಹದವನ್ನು ಹೇಗೆ ಗುರುತಿಸುತ್ತಿದ್ದರೆಂದು ಕೇಳಿ ಬರೆದಿಡಿ.