ಇಲ್ಲದ 21ನೇ ಖಾನೆ

2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಗ್ರಾಹಕರ ವಿಂಡೋಸ್ ಕಂಪ್ಯೂಟರುಗಳಿಗೆ ಒಂದು ಪುಟ್ಟ ಫೈಲ್ ಕಳಿಸಿತು. ಅದು ತಲುಪಿದ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ತಾವಾಗಿ ರೀಸ್ಟಾರ್ಟ್ ಆಗಿ ಮತ್ತೆ ನೀಲಿ ಪರದೆಗೇ ಬಂದವು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಹೀಗೆ ಕೆಟ್ಟ ಯಂತ್ರಗಳು 85 ಲಕ್ಷ. ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣ ಯಾವುದೂ ಪಾರಾಗಲಿಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಟರ್ಮಿನಲ್ 1ರಲ್ಲಿ ಆ ದಿನ ಚೆಕ್-ಇನ್ ಅಸ್ತವ್ಯಸ್ತವಾಯಿತು. ದೇಶದ ಕೆಲವೆಡೆ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು.

ಸೈಬರ್ ದಾಳಿಯೇ ಇರಬೇಕು ಎಂದು ಹಲವರು ಹೆದರಿದರು. ನಡೆದದ್ದು ಬೇರೆ. ಒಂದು ಪ್ರೋಗ್ರಾಮ್ ತನಗೆ ಸೇರದ ಮೆಮೊರಿಯನ್ನು ಓದಲು ಹೋಗಿತ್ತು, ಅಷ್ಟೆ.

ಆ ಕಂಪನಿಯ ಫಾಲ್ಕನ್ ತಂತ್ರಾಂಶದಲ್ಲಿ, ಅನುಮಾನಾಸ್ಪದ ಚಟುವಟಿಕೆಯನ್ನು ಗುರುತಿಸುವ ಒಂದು ಬಗೆಯ ನಿಯಮಕ್ಕೆ 21 ಮಾಹಿತಿಗಳಿರುತ್ತವೆ ಎಂದು ನಿಗದಿಯಾಗಿತ್ತು. ಮಾಹಿತಿ ಒದಗಿಸುವ ಕೋಡ್ ಕೊಡುತ್ತಿದ್ದದ್ದು 20 ಮಾತ್ರ. ಈ ದೋಷ ಫೆಬ್ರವರಿಯ ಆವೃತ್ತಿಯಿಂದಲೇ ಒಳಗೆ ಕುಳಿತಿತ್ತು. ಅಲ್ಲಿಯವರೆಗೆ ಬಂದ ನಿಯಮಗಳು 21ನೇ ಖಾನೆಯಲ್ಲಿ ಏನಿದ್ದರೂ ಸರಿ ಎನ್ನುತ್ತಿದ್ದವು. ಹಾಗಾಗಿ ಆ ಖಾನೆಯನ್ನು ತೆರೆದು ನೋಡುವ ಪ್ರಸಂಗವೇ ಬರಲಿಲ್ಲ. ಪರೀಕ್ಷೆಗಳಲ್ಲೂ ದೋಷ ಸಿಕ್ಕಿಬೀಳಲಿಲ್ಲ. ಜುಲೈ 19ರ ಫೈಲ್ ಮೊದಲ ಸಲ ಅದನ್ನು ನೋಡಲು ಹೇಳಿತು. ಪ್ರೋಗ್ರಾಮ್ 20ರ ಆಚೆ ಕೈ ಹಾಕಿತು. ಅಲ್ಲಿದ್ದ ಯಾವುದೋ ಸಂಖ್ಯೆಯನ್ನೇ ಮೆಮೊರಿಯ ವಿಳಾಸವೆಂದು ನಂಬಿ ಆ ಜಾಗವನ್ನು ಓದಲು ಹೊರಟಿತು.

ಆಪರೇಟಿಂಗ್ ಸಿಸ್ಟಂ ಮೆಮೊರಿಯನ್ನು ಸಾಮಾನ್ಯವಾಗಿ 4 ಕಿಲೋಬೈಟಿನ ಪುಟಗಳಾಗಿ ವಿಂಗಡಿಸಿ, ಯಾವ ಪ್ರೋಗ್ರಾಮಿಗೆ ಯಾವ ಪುಟ ಎಂಬ ಪಟ್ಟಿ ಇಟ್ಟಿರುತ್ತದೆ. ಪ್ರೊಸೆಸರ್ ಪ್ರತಿಯೊಂದು ಓದು-ಬರಹವನ್ನೂ ಈ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಬದು ದಾಟಿ ಪಕ್ಕದ ಹೊಲಕ್ಕೆ ನೇಗಿಲು ಹಾಕಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ವಿಂಡೋಸ್ ಇದನ್ನು ಆ್ಯಕ್ಸೆಸ್ ವಯಲೇಶನ್ ಎನ್ನುತ್ತದೆ, ಲಿನಕ್ಸ್ ಸೆಗ್ಮೆಂಟೇಶನ್ ಫಾಲ್ಟ್ ಎನ್ನುತ್ತದೆ. ಮಾಮೂಲಿ ಪ್ರೋಗ್ರಾಮ್ ತಪ್ಪಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಫಾಲ್ಕನ್‌ನ ಈ ಭಾಗ ಇದ್ದದ್ದು ವಿಂಡೋಸ್‌ನ ಒಳಮನೆಯಾದ ಕರ್ನಲ್‌ನಲ್ಲಿ. ಅಲ್ಲಿ ತಪ್ಪಾದರೆ ದತ್ತಾಂಶ ಹಾಳಾಗದಿರಲೆಂದು ಇಡೀ ಯಂತ್ರವನ್ನೇ ನಿಲ್ಲಿಸಲಾಗುತ್ತದೆ. ನೀಲಿ ಪರದೆಯನ್ನು ಶಪಿಸುವವರು ಇದನ್ನು ಗಮನಿಸಬೇಕು: ಅದು ರೋಗವಲ್ಲ, ಕಾವಲು.

ಕಂಪನಿ 78 ನಿಮಿಷಗಳಲ್ಲಿ ಫೈಲ್ ಹಿಂತೆಗೆದುಕೊಂಡಿತು. ಆದರೆ ಭದ್ರತಾ ತಂತ್ರಾಂಶ ಕಂಪ್ಯೂಟರ್ ಆನ್ ಆಗುವಾಗಲೇ ಕೆಲಸ ಶುರುಮಾಡುವುದರಿಂದ, ಕೆಟ್ಟ ಯಂತ್ರಗಳಲ್ಲಿ ಬಹಳಷ್ಟಕ್ಕೆ ಹೊಸ ಫೈಲ್ ಇಳಿಸಿಕೊಳ್ಳುವಷ್ಟೂ ಪುರುಸೊತ್ತು ಸಿಗಲಿಲ್ಲ. ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕುಳಿತು, ಸೇಫ್ ಮೋಡ್‌ಗೆ ಹೋಗಿ, 291 ಎಂಬ ಸಂಖ್ಯೆಯಿದ್ದ ಆ ಫೈಲನ್ನು ಕೈಯಾರೆ ಅಳಿಸಬೇಕಾಯಿತು.

ನಮ್ಮ ನಿಮ್ಮ ಕಂಪ್ಯೂಟರಿನಲ್ಲಿ ಪದೇ ಪದೇ ಮುಚ್ಚಿಕೊಳ್ಳುವ ಪ್ರೋಗ್ರಾಮಿನದೂ ಹೆಚ್ಚಾಗಿ ಇದೇ ಕಥೆ. ಇಂಥ ಹೊತ್ತಿನಲ್ಲಿ ವಿಂಡೋಸನ್ನೇ ಹೊಸದಾಗಿ ಹಾಕಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಅದು ಸುಳಿವುಗಳನ್ನೆಲ್ಲ ಗುಡಿಸಿ ಹಾಕುತ್ತದೆ. ಮೊದಲು ವಿಂಡೋಸ್‌ನಲ್ಲೇ ಇರುವ ಈವೆಂಟ್ ವ್ಯೂವರ್ ತೆರೆದು, ಕ್ರ್ಯಾಶ್ ಆದ ಸಮಯದ ದಾಖಲೆ ನೋಡಿ. ಎಕ್ಸೆಪ್ಶನ್ ಕೋಡ್ 0x ಆದಮೇಲೆ ಸಿ ಅಕ್ಷರದಿಂದ ಶುರುವಾಗಿ, ಸಾಲಾಗಿ ಸೊನ್ನೆಗಳಿದ್ದು, 5ರಲ್ಲಿ ಮುಗಿದಿದ್ದರೆ ಅದು ಮೆಮೊರಿಯ ಅತಿಕ್ರಮಣ. ಅದೇ ದಾಖಲೆಯಲ್ಲಿ ಕ್ರ್ಯಾಶ್ ನಡೆದ ಮಾಡ್ಯೂಲಿನ, ಅಂದರೆ ಪ್ರೋಗ್ರಾಮಿನ ಭಾಗವಾದ ಫೈಲಿನ, ಹೆಸರು ಮತ್ತು ಅದರೊಳಗಿನ ಜಾಗವನ್ನು ಹೇಳುವ ಆಫ್‌ಸೆಟ್ ಎಂಬ ಸಂಖ್ಯೆ ಇರುತ್ತವೆ.

ಎಲ್ಲಕ್ಕಿಂತ ಮುಖ್ಯ ಸುಳಿವು ಪುನರಾವರ್ತನೆ. ಪ್ರತಿ ಸಲವೂ ಅದೇ ಮಾಡ್ಯೂಲ್, ಅದೇ ಆಫ್‌ಸೆಟ್ ಬಂದರೆ ದೋಷ ಬಹುಪಾಲು ತಂತ್ರಾಂಶದಲ್ಲಿದೆ. ಅದನ್ನು ಅಪ್‌ಡೇಟ್ ಮಾಡಿ. ಆ್ಯಡ್-ಇನ್, ಹೊಸ ಡ್ರೈವರ್, ಭದ್ರತಾ ತಂತ್ರಾಂಶಗಳನ್ನು ಒಂದೊಂದಾಗಿ ತೆಗೆದು ನೋಡಿ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಅಪರಾಧಿ ಯಾರೆಂದು ತಿಳಿಯುವುದಿಲ್ಲ. ಓದಲು ಹೋದ ವಿಳಾಸ ಸೊನ್ನೆ ಅಥವಾ ಸೊನ್ನೆಗೆ ಬಹಳ ಹತ್ತಿರ ಎಂದು ಪರದೆಯ ಮೇಲೆ ಬರುವ ದೋಷ ಸಂದೇಶ ಹೇಳಿದರೆ, ಕೋಡ್ ಖಾಲಿ ವಿಳಾಸವನ್ನು ಬಳಸಿದೆ ಎಂದರ್ಥ. ಈ ತಪ್ಪನ್ನು ಹಿಡಿಯಲೆಂದೇ ವಿಂಡೋಸ್ ಮೊದಲ 64 ಕಿಲೋಬೈಟ್ ಜಾಗವನ್ನು ಯಾರಿಗೂ ಕೊಡದೆ ಖಾಲಿ ಬಿಟ್ಟಿರುತ್ತದೆ. ಇಂಥ ಖಾಲಿ ವಿಳಾಸವನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗೆ ಸೇರಿಸಿದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, ಅದು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು 2009ರಲ್ಲಿ ಹೇಳಿಕೊಂಡರು.

ದಾಖಲೆಯಲ್ಲಿ ಎನ್‌ಟಿ-ಡಿಎಲ್‌ಎಲ್ ಎಂಬ ವಿಂಡೋಸ್‌ನದೇ ಫೈಲಿನ ಹೆಸರು ಕಂಡರೆ ದುಡುಕಬೇಡಿ. ಹಲವು ಸಲ ಬೇರೆ ಕೋಡ್ ಮೊದಲೇ ಮೆಮೊರಿಯ ಲೆಕ್ಕವನ್ನು ಕೆಡಿಸಿರುತ್ತದೆ, ಆಮೇಲೆ ಆ ಲೆಕ್ಕವನ್ನು ಮುಟ್ಟಿದ ಈ ಫೈಲ್ ಸಿಕ್ಕಿಬೀಳುತ್ತದೆ. ತಪ್ಪು ಆದ ಜಾಗವೂ ಬಿದ್ದ ಜಾಗವೂ ಬೇರೆಯಾಗುವುದರಿಂದಲೇ ನುರಿತ ಪ್ರೋಗ್ರಾಮರುಗಳೂ ಇಲ್ಲಿ ದಿನಗಟ್ಟಲೆ ತಿಣುಕುತ್ತಾರೆ. ಅತಿಕ್ರಮಣ ಆದ ಕ್ಷಣದಲ್ಲೇ ಹಿಡಿದುಕೊಡುವ ವಾಲ್‌ಗ್ರಿಂಡ್, ಅಡ್ರೆಸ್ ಸ್ಯಾನಿಟೈಸರ್‌ನಂಥ ಸಾಧನಗಳನ್ನು ಅವರು ನೆಚ್ಚಿಕೊಂಡಿರುವುದೂ ಇದಕ್ಕೇ.

ಇನ್ನು, ಒಂದು ಸಲ ಬ್ರೌಸರ್, ಇನ್ನೊಂದು ಸಲ ಆಟ, ಮತ್ತೊಂದು ಸಲ ನೀಲಿ ಪರದೆ, ಪ್ರತಿ ಸಲವೂ ಬೇರೆ ಮಾಡ್ಯೂಲ್ ಎಂದಾದರೆ ಅನುಮಾನ ಯಂತ್ರಾಂಶದ ಮೇಲಿರಲಿ. ರ್‍ಯಾಮ್‌ನಲ್ಲಿ ಒಂದು ಬಿಟ್ ತಿರುಗಿದರೂ ಸರಿಯಾದ ವಿಳಾಸ ಎಲ್ಲಿಗೋ ಬೊಟ್ಟು ಮಾಡುತ್ತದೆ. ಬಯೋಸ್‌ನಲ್ಲಿ ಓವರ್‌ಕ್ಲಾಕ್ ಇದ್ದರೆ ತೆಗೆಯಿರಿ. ಮೆಮ್‌ಟೆಸ್ಟ್ 86 ಎಂಬ ರ್‍ಯಾಮ್ ಪರೀಕ್ಷಕವನ್ನು ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ಅದನ್ನು ಕಡೆಗಣಿಸಬೇಡಿ. ರ್‍ಯಾಮ್ ಕಡ್ಡಿಗಳನ್ನು ಒಂದೊಂದೇ ಹಾಕಿ ಪರೀಕ್ಷಿಸಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಪ್ರೊಸೆಸರ್ ಕೂಡ ಕಾರಣವಾಗಬಹುದು: ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್‌ನಿಂದ ಸವೆದು ಆಟಗಳನ್ನು ಕೆಡವುತ್ತಿದ್ದವು. ಕಂಪನಿ 2024ರ ಆಗಸ್ಟ್‌ನಲ್ಲಿ ಅದಕ್ಕೆ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು.

ಮುಂದಿನ ಸಲ ಅಂಥ ದೋಷ ಸಂದೇಶ ಬಂದಾಗ ಓಕೆ ಒತ್ತುವ ಮೊದಲು ಫೋನಿನಲ್ಲಿ ಅದರ ಫೋಟೊ ತೆಗೆಯಿರಿ. ತಂತ್ರಾಂಶ ತಯಾರಕರಿಗೆ ದೂರು ಬರೆಯುವಾಗ ಕೋಡ್, ಮಾಡ್ಯೂಲ್, ಆಫ್‌ಸೆಟ್ ಮೂರನ್ನೂ ಸೇರಿಸಿ. ಬರೀ ಕ್ರ್ಯಾಶ್ ಆಗುತ್ತಿದೆ ಎಂಬ ದೂರಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಈ ಮೂರು ಇದ್ದರೆ ಅವರು ಕೋಡಿನ ಆ ಸಾಲಿಗೇ ಹೋಗಿ ನೋಡಬಲ್ಲರು.