ಒಂದೇ ಗಂಟಲು, ಮೂರು ಸ್ವರ

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ತಿಬೆಟನ್ನರು ಹೊಸಬರಲ್ಲ. 1960ರ ಸುಮಾರಿಗೆ ಬೈಲಕುಪ್ಪೆಯ ಕಾಡು ಸವರಿ ನೆಲೆನಿಂತವರು ಅವರು. ಮುಸುಕಿನ ಜೋಳ ಬೆಳೆಯುತ್ತಾರೆ, ಚಳಿಗಾಲ ಬಂತೆಂದರೆ ಊರೂರಿಗೆ ಸ್ವೆಟರ್ ಮಾರಲು ಹೊರಡುತ್ತಾರೆ. ಭಾನುವಾರದ ಕಾರುಗಳೆಲ್ಲ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮುಂದೆ ನಿಲ್ಲುತ್ತವೆ. ಹುಣಸೂರು ತಾಲ್ಲೂಕಿನ ಗುರುಪುರಕ್ಕೆ ಆ ನೂಕುನುಗ್ಗಲಿಲ್ಲ. ಅಲ್ಲಿರುವ ಗ್ಯುಮೆ ತಾಂತ್ರಿಕ ಮಠದ ದನಿಯನ್ನು ಮಾತ್ರ ಸಂಗೀತದ ಬಗ್ಗೆ ತಲೆಕೆಡಿಸಿಕೊಂಡವರು ಜಗತ್ತಿನ ಎಲ್ಲೆಲ್ಲೋ ಕೂತು ಕೇಳುತ್ತಾರೆ. ಬ್ಲ್ಯಾಕ್ ಮೆಟಲ್ ಎಂಬ ಕರ್ಕಶ ರಾಕ್ ಸಂಗೀತದ ಹುಚ್ಚಿನವರಂತೂ ಕೇಳಲೇಬೇಕಾದ ದನಿ ಅದು.

ಆ ಬಗೆಯ ದನಿ ಹೊರಜಗತ್ತಿಗೆ ಸಿಕ್ಕಿದ್ದು ಗುರುಪುರದಲ್ಲಲ್ಲ, ಹಿಮಾಲಯದ ತಪ್ಪಲಿನ ಡಾಲ್‌ಹೌಸಿಯಲ್ಲಿ. 1959ರ ನಂತರ ಲಾಸಾದಿಂದ ಓಡಿಬಂದ ಎರಡು ತಾಂತ್ರಿಕ ಮಠಗಳು, ಗ್ಯುತೊ ಮತ್ತು ಗ್ಯುಮೆ, ಮೊದಲು ಅಲ್ಲೇ ತಂಗಿದ್ದವು. ಅಮೆರಿಕದ ಎಂಐಟಿಯಲ್ಲಿ ತತ್ತ್ವಶಾಸ್ತ್ರ ಪಾಠ ಮಾಡುತ್ತಿದ್ದ ಹ್ಯೂಸ್ಟನ್ ಸ್ಮಿತ್ 1964ರಲ್ಲಿ ಗ್ಯುತೊ ಮಠಕ್ಕೆ ಬಂದರು. ದೊಡ್ಡ ಪೂಜೆಯೊಂದು ನಡೆಯುತ್ತಿತ್ತು. ಬೆಳಗಿನ ಜಾವ ಎದ್ದು ಹೋಗಿ ಕೂತರೆ, ಏರಿಳಿತವಿಲ್ಲದ ಒಂದೇ ತಗ್ಗು ದನಿಯ ಪಠಣ. ಸ್ಮಿತ್‌ಗೆ ತೂಕಡಿಕೆ ಹತ್ತಿತು. ಸ್ವಲ್ಪ ಹೊತ್ತಿಗೆ ಆ ಒಂದು ದನಿ ಒಡೆದು ಎರಡು ಮೂರು ಸ್ವರಗಳಾದಂತೆ ಕೇಳಿಸಿತು. ಇಷ್ಟು ಜನ ಕೂಡಿ ಹಾಡುತ್ತಿದ್ದಾರೆ, ಯಾರು ಯಾರೋ ಒಂದೊಂದು ಸ್ವರ ಹಿಡಿದಿರಬೇಕು ಎಂದುಕೊಂಡರು. ಅಷ್ಟರಲ್ಲಿ ಮೇಳ ನಿಂತಿತು. ಒಬ್ಬ ಲಾಮಾ ಮಾತ್ರ ಹಾಡುತ್ತಲೇ ಇದ್ದ. ಆ ಒಬ್ಬನ ಗಂಟಲಿನಿಂದಲೇ ಮೂರು ಸ್ವರ ಬರುತ್ತಿದ್ದವು. ನಿದ್ದೆ ಹಾರಿಹೋಯಿತು.

ಧ್ವನಿಮುದ್ರಣ ಹಿಡಿದು ಎಂಐಟಿಗೆ ಮರಳಿದ ಸ್ಮಿತ್‌ಗೆ ಒಂದು ಅನುಕೂಲವಿತ್ತು. ತತ್ತ್ವಶಾಸ್ತ್ರದ ಮೇಷ್ಟರಾದರೂ ಅವರಿದ್ದದ್ದು ಎಂಜಿನಿಯರುಗಳ ನಡುವೆ. ಮಾತಿನ ಧ್ವನಿವಿಜ್ಞಾನದಲ್ಲಿ ದೊಡ್ಡ ಹೆಸರಾದ ಕೆನೆತ್ ಸ್ಟೀವನ್ಸ್ ಅದೇ ಸಂಸ್ಥೆಯಲ್ಲಿದ್ದರು. ಅವರ ಜೊತೆಗೆ ರೇ ಟಾಮ್ಲಿನ್ಸನ್ ಎಂಬ ತರುಣರಿದ್ದರು, ಮುಂದೆ 1971ರಲ್ಲಿ ಇ-ಮೇಲ್ ವಿಳಾಸದ ನಡುವೆ ಆ ಸುರುಳಿ ‘ಎ’ ಚಿಹ್ನೆಯನ್ನು ತಂದು ಕೂರಿಸಿದವರು. 1967ರಲ್ಲಿ ಮೂವರೂ ಸೇರಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪುಟ್ಟದೊಂದು ಲೇಖನ ಬರೆದರು. ಟೇಪಿನಲ್ಲಿದ್ದದ್ದು ಕಣ್ಕಟ್ಟೂ ಅಲ್ಲ, ಪವಾಡವೂ ಅಲ್ಲ. ಹಾಡುವವನು ತೀರಾ ತಗ್ಗಿನ ಒಂದು ಸ್ವರ ಹೊರಡಿಸುತ್ತಾನೆ. ಬಾಯಿ, ನಾಲಿಗೆ, ತುಟಿಗಳ ಆಕಾರವನ್ನು ಕೂದಲೆಳೆಯಷ್ಟು ಹೊಂದಿಸಿ ಆ ಸ್ವರದೊಳಗೇ ಅಡಗಿರುವ ಐದನೆಯ ಮತ್ತು ಹತ್ತನೆಯ ಉಪಸ್ವರಗಳನ್ನು ಎತ್ತಿ ತೋರಿಸುತ್ತಾನೆ.

ಐದನೆಯ ಉಪಸ್ವರವೆಂದರೆ ನಮ್ಮವರಿಗೆ ಅಪರಿಚಿತವೇನಲ್ಲ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿ ಮೀಟಿದರೆ, ಯಾರೂ ನುಡಿಸದ ಅಂತರ ಗಾಂಧಾರ ತಾನಾಗಿ ತೇಲಿಬರುತ್ತದಲ್ಲ, ಅದೇ ಇದು. ಲಾಮಾ ತನ್ನ ಗಂಟಲನ್ನೇ ತಂಬೂರಿ ಮಾಡಿಕೊಂಡಿದ್ದಾನೆ, ಅಷ್ಟೆ.

ಆ ತಗ್ಗಿನ ಸ್ವರ ಹುಟ್ಟುವ ಬಗೆ ಗೊತ್ತಾಗಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಗಂಟಲಿನಲ್ಲಿ ನಿಜವಾದ ಧ್ವನಿ ಪಟಲಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ; ದಿನನಿತ್ಯದ ಮಾತಿನಲ್ಲಿ ಅವಕ್ಕೆ ಕೆಲಸವಿಲ್ಲ. ಸ್ಟಾಕ್‌ಹೋಮಿನ ಕೆಟಿಎಚ್ ಸಂಸ್ಥೆಯ ಸಂಶೋಧಕರು 1998ರಲ್ಲಿ ಇಂಥ ದನಿಯನ್ನು ಅಳೆದು ನೋಡಿದರು. ಕೆಳಗಿನ ಪಟಲ ಎರಡು ಸಲ ಅದುರಿದಾಗ ಮೇಲಿನ ಮಡಿಕೆ ಒಂದು ಸಲ ಅದುರುತ್ತದೆ. ಸ್ವರ ಒಂದು ಸಪ್ತಕ ಕೆಳಗೆ ಇಳಿಯುತ್ತದೆ. ಇವತ್ತಿನ ಮೆಟಲ್ ಗಾಯಕರು ಗುಟುರು ಹಾಕುವಾಗ ಬಹಳ ಮಂದಿ ಒತ್ತುಕೊಡುವುದು ಇದೇ ಮೇಲಿನ ಮಡಿಕೆಗಳ ಮೇಲೆ.

ಅದೇ ಸ್ಟಾಕ್‌ಹೋಮಿನಲ್ಲಿ 1984ರಲ್ಲಿ ಬಾಥರಿ ಎಂಬ ಮೆಟಲ್ ತಂಡ ಗ್ಯಾರೇಜಿನಂಥ ಸ್ಟುಡಿಯೋದಲ್ಲಿ ಮೊದಲ ಆಲ್ಬಮ್ ಮಾಡಿತ್ತು. ಆ ಒರಟು ಸದ್ದಿಗೆ ಕಾರಣ ಕಾಸಿಲ್ಲದ್ದು. ನಾರ್ವೆಯ ಬ್ಲ್ಯಾಕ್ ಮೆಟಲ್ ಹುಡುಗರ ಕೈಗೆ ಬಂದಾಗ ಆ ಬಡತನ ವ್ರತವಾಯಿತು. ಅಲ್ಲಿಯ ಡಾರ್ಕ್‌ಥ್ರೋನ್ ತಂಡ 1992ರ ಆಲ್ಬಮ್ ಒಪ್ಪಿಸಿದಾಗ ಕಂಪನಿಯವರು ಸದ್ದು ತೆಳುವಾಯಿತು, ತಿದ್ದಿಕೊಡಿ ಎಂದರು; ತಂಡ ಸುತರಾಂ ಒಪ್ಪಲಿಲ್ಲ. ಅವರದೇ 1994ರ ಆಲ್ಬಮ್ ‘ಟ್ರಾನ್ಸಿಲ್ವೇನಿಯನ್ ಹಂಗರ್’ನ ವಾದ್ಯಗಳನ್ನೆಲ್ಲ ತಂಡದ ಒಬ್ಬನೇ ಮನೆಯ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಮುದ್ರಿಸಿದ. ಬರ್ಜಮ್ ಎಂಬ ಒಬ್ಬನೇ ಇದ್ದ ತಂಡದ ವಾರ್ಗ್ ವಿಕರ್ನೆಸ್ 1993ರಲ್ಲಿ ಇದ್ದುದರಲ್ಲಿ ಅತಿ ಕೆಟ್ಟ ಮೈಕ್ ಕೊಡಿ ಎಂದು ಕೇಳಿ ಪಡೆದು ಹಾಡಿದ. ಮುಖಕ್ಕೆ ಹೆಣದ ಬಣ್ಣ, ಟೇಪಿನಲ್ಲಿ ಬುಸ್ಸೆನ್ನುವ ಸದ್ದು: ಎರಡೂ ಇದ್ದರೆ ‘ಟ್ರೂ’, ಅಂದರೆ ಅಸಲಿ. ಅದೇ ವರ್ಷ ವಿಕರ್ನೆಸ್ ಮೇಹೆಮ್ ತಂಡದ ಗಿಟಾರ್ ವಾದಕನನ್ನು ಕೊಂದು ಜೈಲಿಗೆ ಹೋದ. ಆ ದಿನಗಳಲ್ಲಿ ನಾರ್ವೆಯ ಚರ್ಚುಗಳಿಗೆ ಬೆಂಕಿಯೂ ಬಿತ್ತು. ಪತ್ರಿಕೆಗಳಿಗೆ ಸುಗ್ಗಿ.

ನನಗೆ ಆ ಸದ್ದು ಇಷ್ಟವೇ. ಆದರೆ ಆರಿಸಿಕೊಂಡ ಒರಟುತನವೂ ಒಂದು ಅಲಂಕಾರ ಎಂಬುದನ್ನು ಅದರ ಅಭಿಮಾನಿಗಳು ಒಪ್ಪಬೇಕು. ಕೆಟ್ಟ ಮೈಕ್ ಬೇಕೆಂದು ಕೇಳುವವನಿಗೂ ಒಳ್ಳೆಯ ಮೈಕ್ ಬೇಕೆನ್ನುವವನಿಗೂ ಆ ಕ್ಷಣದಲ್ಲಿ ಚಿಂತೆ ಒಂದೇ: ನಾನು ಹೇಗೆ ಕೇಳಿಸುತ್ತೇನೆ? ಸ್ಮಿತ್ ಮುದ್ರಿಸಿಕೊಂಡ ಪೂಜೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಅವರು ಬರದೆ ಹೋಗಿದ್ದರೂ ಅದು ಹಾಗೇ ನಡೆಯುತ್ತಿತ್ತು. ನಮ್ಮ ಕೆ.ಆರ್. ನಗರದ ಕಡೆಯ ಕಪ್ಪಡಿ ಜಾತ್ರೆಯಲ್ಲಿ ರಾತ್ರಿಯಿಡೀ ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರ ದನಿಗೂ ಈ ಮಾತು ಸಲ್ಲುತ್ತದೆ.

ವೇಷದ ವಿಷಯಕ್ಕೆ ಬಂದರೆ ಗ್ಯುಮೆ ಮಠ ನಾರ್ವೆಗೆ ಸೋಲುವುದಿಲ್ಲ. 1433ರಲ್ಲಿ ಮಠ ಕಟ್ಟಿದ ಶೆರಬ್ ಸೆಂಗೆಗೆ ಈ ದನಿ ಭಯಂಕರ ಕನಸೊಂದರಲ್ಲಿ ಸಿಕ್ಕಿತೆಂದು ಐತಿಹ್ಯ. ಅಲ್ಲಿ ಸಾಧನೆ ಮಾಡುವ ಮುಖ್ಯ ದೇವತೆಗಳಲ್ಲಿ ಒಬ್ಬ ಯಮಾಂತಕ: ಕೋಣದ ತಲೆ, ಕೊಂಬು, ಸುತ್ತ ಜ್ವಾಲೆ. ಆಲ್ಬಮ್ಮಿನ ಮುಖಪುಟಕ್ಕೆ ಹೇಳಿ ಮಾಡಿಸಿದ ಹಾಗಿದ್ದಾನೆ. ಆದರೆ ಅವನು ಸಾವಿನ ಆರಾಧಕನಲ್ಲ, ಸಾವಿಗೇ ಅಂತ್ಯ ಹಾಡುವವನು.

ಮಠದ ದನಿ, ಮೆಟಲ್ ದನಿ, ಈ ಎರಡು ದಾರಿಗಳು ಒಂದು ಕಡೆ ಕೂಡಿದ್ದೂ ಉಂಟು. ಮೇಹೆಮ್ ತಂಡದ 1994ರ ಆಲ್ಬಮ್ಮಿಗೆ ಹಾಡಿದ ಹಂಗೇರಿಯ ಅಟಿಲಾ ಚಿಹಾರ್ ಕಿರುಚಾಟ ಬಿಟ್ಟು ಮಂತ್ರದಂತೆ ಗುನುಗಿದಾಗ ಎಷ್ಟೋ ಅಭಿಮಾನಿಗಳಿಗೆ ಸಿಟ್ಟು ಬಂತು. ಮುಂದೆ ಅವನು ಗಂಟಲು ಗಾಯನವನ್ನೇ ತನ್ನ ಗುರುತು ಮಾಡಿಕೊಂಡ. 2007ರಲ್ಲಿ ಸನ್ ಎಂಬ ಅಮೆರಿಕನ್ ತಂಡದ ಜೊತೆ ಆ ದನಿಯಲ್ಲಿ ಹಾಡಿದ್ದು ನಾರ್ವೆಯ ಬರ್ಗನ್ ನಗರದ ಕೆಥೆಡ್ರಲ್‌ನಲ್ಲಿ. ಅದಕ್ಕೆ ಹದಿನೈದು ವರ್ಷ ಹಿಂದೆ ಆ ಬೆಂಕಿಗಳಲ್ಲಿ ಸುಟ್ಟುಹೋದ ಫಾಂಟೊಫ್ಟ್ ಚರ್ಚ್ ಇದ್ದದ್ದೂ ಅದೇ ಊರಲ್ಲಿ.

ಗ್ಯುಮೆಯವರು ಎಪ್ಪತ್ತರ ದಶಕದಲ್ಲಿ ಡಾಲ್‌ಹೌಸಿ ಬಿಟ್ಟು ಹುಣಸೂರಿನ ಬಿಸಿಲಿಗೆ ಬಂದರು. ದನಿ ಒಡೆಯದ ಮರಿ ಸನ್ಯಾಸಿಗಳಿಗೆ ಈ ಸ್ವರ ಎಟುಕುವುದಿಲ್ಲ. ವರ್ಷಗಟ್ಟಲೆ ಗಂಟಲು ಪಳಗಿಸಬೇಕು. ಮೇಳ ನಡೆಸುವ ಹಿರಿಯನನ್ನು ಉಮ್ಜೆ ಎನ್ನುತ್ತಾರೆ. ಅವನು ಹಿಡಿದ ಸ್ವರದ ಬೆನ್ನಿಗೆ ಉಳಿದವರು ಸೇರಿಕೊಳ್ಳುತ್ತಾರೆ, ಒಂದೊಂದು ಅಕ್ಷರ ಉಸಿರುಗಳಾಚೆಗೂ ಹಿಗ್ಗುತ್ತದೆ. ಮೊದಲ ಸಲ ಕೇಳುವವರಿಗೆ ಸ್ಮಿತ್‌ಗೆ ಬಂದಂತೆ ತೂಕಡಿಕೆ ಬರಬಹುದು, ಬರಲಿ.

ತಿಬೆಟನ್ನರ ಈ ಶಿಬಿರಗಳಲ್ಲಿ ತಂಗಲು ವಿದೇಶಿಯರಿಗೆ ಸರ್ಕಾರದ ಪರವಾನಗಿ ಬೇಕು, ನಮಗೆ ಬೇಡ. ಮೈಸೂರಿನಿಂದ ಒಂದು ಬೆಳಿಗ್ಗೆಯ ದಾರಿ. ಹೋದರೆ, ಫೋನಿನಲ್ಲಿ ರೆಕಾರ್ಡಿಂಗ್ ಒತ್ತುವ ಮೊದಲು ಅಲ್ಲಿಯವರನ್ನು ಒಂದು ಮಾತು ಕೇಳಿ.